ಅಕ್ಕ ಕೂರಬೇಕಾದ ಸೀಟು

ಐವತ್ತೆಂಟನೇ ವಯಸ್ಸಿನಲ್ಲಿ ತಂಗವೇಲ್ ಅಂಥ ಕಾರು ಬುಕ್ ಮಾಡಿದ ಸುದ್ದಿ ಹಬ್ಬಿದಾಗ ಬೋಡಿನಾಯಕನೂರಿನ ಏಲಕ್ಕಿ ಪೇಟೆಯಲ್ಲಿ ನಗದವರೇ ಇಲ್ಲ. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡುವ ಕಾರಂತೆ! ಈ ಮನುಷ್ಯ ತನ್ನ ಹಳೇ ಜೀಪನ್ನು ಐವತ್ತರ ಮೇಲೆ ಓಡಿಸಿದ್ದನ್ನು ಕಂಡವರಿಲ್ಲ. ಹೆಂಡತಿ ತೀರಿಕೊಂಡು ಹದಿನೆಂಟು ವರ್ಷ, ಮಕ್ಕಳಿಲ್ಲ. ತನ್ನ ಏಲಕ್ಕಿ ಗೋದಾಮಿನ ಮೇಲಿನ ಮಹಡಿಯಲ್ಲಿ ಒಬ್ಬನೇ ಬೇಯಿಸಿಕೊಂಡು, ಒಬ್ಬನೇ ಉಂಡು, ಟೀವಿ ಹಾಕಿಕೊಂಡೇ ನಿದ್ದೆಹೋಗುವವನು. ಪಕ್ಕದಂಗಡಿಯ ಕಾಮರಾಜ್ ಎದುರಿಗೇ ಕೇಳಿಬಿಟ್ಟ, ಯಾರನ್ನ ಕೂರಿಸಿಕೊಂಡು ಎಲ್ಲಿಗೆ ಹೋಗ್ತೀಯಪ್ಪಾ ಪುಣ್ಯಾತ್ಮಾ ಅಂತ.

ತಂಗವೇಲ್ ನಕ್ಕ. ಒಬ್ಬಳನ್ನು ಕೂರಿಸಬೇಕು ಅಂತಲೇ ಅವನು ಕಾರು ತಗೊಂಡದ್ದು. ಅದನ್ನು ಪೇಟೆಯ ನಡುವೆ ನಿಂತು ಹೇಳುವುದು ಹೇಗೆ?

ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರಿನಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡು ಬಂದ ಮನೆತನ ಅವನದು. ಆ ಮನೆಯಲ್ಲಿ ಒಂದು ಪದ್ಧತಿ. ಹೊಸ ಬಂಡಿ ಬಂದರೆ ಅದರಲ್ಲಿ ಮೊದಲು ಕೂರಬೇಕಾದವಳು ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಅವಳು ಕೂತು ಒಂದು ಸುತ್ತು ಬಂದ ಮೇಲೇ ಮಿಕ್ಕವರು, ಮಿಕ್ಕ ಮೂಟೆಗಳು. ಅಪ್ಪನ ಎತ್ತಿನ ಬಂಡಿಯಲ್ಲಿ ಅಕ್ಕ ಮುನಿಯಮ್ಮಾಳ್ ಕೂತಿದ್ದಳು, ಮೂರು ವರ್ಷದ ತಂಗವೇಲನನ್ನು ತೊಡೆಯ ಮೇಲಿಟ್ಟುಕೊಂಡು. ಮದುವೆಯಾಗಿ ಉತ್ತಮಪಾಳಯಂ ಸೇರಿದ ಮೇಲೂ ಜೀಪಿಗೆ ಬಂದು ಕೂತಿದ್ದಳು, ಮಹಾರಾಣಿಯ ಗತ್ತಿನಲ್ಲಿ. ಅವಳು ಮಾತು ಬಿಟ್ಟದ್ದು ಆಮೇಲೆ, ಅವ್ವ ಸತ್ತಾಗ.

ಅವ್ವ ಸತ್ತ ಬೆಳಿಗ್ಗೆ ತಂಗವೇಲನಿಗೆ ಕೈಕಾಲು ಆಡಿರಲಿಲ್ಲ. ತಾನೇ ಹೋಗಿ ಅಕ್ಕನನ್ನು ಕರೆತರಬೇಕಾದವನು ಒಬ್ಬ ಲಾರಿ ಡ್ರೈವರನ ಕೈಲಿ ಹೇಳಿ ಕಳಿಸಿದ. ಡ್ರೈವರ್ ಮಹಾಶಯ ದಾರಿಯಲ್ಲಿ ಟೈರು ಬದಲಾಯಿಸಿ, ಟೀ ಕುಡಿದು, ಆರಾಮಾಗಿ ಹೋಗಿ ಹೇಳಿದ. ಅಕ್ಕ ಓಡಿ ಬರುವಷ್ಟರಲ್ಲಿ ಹೆಣ ಎತ್ತಿಯಾಗಿತ್ತು. ಅವಳು ಅಳಲಿಲ್ಲ. “ಡ್ರೈವರ್ ಬಂದ. ನೀನು ಬರ್ಲಿಲ್ಲ” ಅಂದಳು ಅಷ್ಟೆ. ಅದಾಗಿ ಹನ್ನೊಂದು ವರ್ಷ.

ಹನ್ನೊಂದು ವರ್ಷ ಅವನು ಗೋದಾಮಿನಲ್ಲಿ ತಮಿಳು ಮಾತಾಡಿದ, ಹರಾಜಿನಲ್ಲಿ ತಮಿಳು ಮಾತಾಡಿದ, ಕೇರಳದ ತೋಟದವರೊಂದಿಗೆ ಅರ್ಧಂಬರ್ಧ ಮಲಯಾಳ ಮಾತಾಡಿದ. ಮನೆಮಾತು ಆಡುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಕೆಲವು ಸಲ ಉಕ್ಕುವ ಹಾಲಿಗೆ “ಇರು ಇರು, ಬಂದೆ” ಅನ್ನುತ್ತಿದ್ದ. ಉತ್ತಮಪಾಳಯಂಗೆ ಹೋಗಬೇಕು ಅಂದುಕೊಳ್ಳುತ್ತಿದ್ದ, ಅಕ್ಕನ ಬಾಗಿಲು ನೆನಪಾಗುತ್ತಿತ್ತು, ನಾಳೆ ನೋಡೋಣ ಅನ್ನುತ್ತಿದ್ದ. ಕೊನೆಗೊಂದು ದಿನ ಈ ಉಪಾಯ ಹೊಳೆಯಿತು. ಜಗಳ ಏನೇ ಇರಲಿ, ಹೊಸ ಬಂಡಿಯ ಪದ್ಧತಿಯನ್ನು ಅಕ್ಕ ಬಿಡುವವಳಲ್ಲ. ಬಂಡಿ ತಂದರೆ ಬರಲೇಬೇಕು. ಬಂದು ಕೂರಲೇಬೇಕು.

ದಿಂಡಿಗಲ್ ಹೊರಗೆ, ಬೆಟ್ಟದ ಬುಡದ ಬಯಲಿನಲ್ಲಿ ಆ ಕಾರು ಕಂಪನಿಯವರದು ಒಂದು ಓಟದ ಮೈದಾನವಿದೆ. ಇಂಥ ಕಾರು ಕೊಂಡವರನ್ನು ಅಲ್ಲಿಗೇ ಕರೆಸಿ, ಅರ್ಧ ದಿನ ಓಡಿಸುವುದನ್ನು ಕಲಿಸಿ, ಊಟ ಹಾಕಿ, ಆಮೇಲೆ ಕೀ ಕೊಡುತ್ತಾರೆ. ಜೊತೆಗೆ ಒಬ್ಬರನ್ನು ಕರೆತರಬಹುದು. ಫಾರಂನಲ್ಲಿ ಅವನು ‘ಮುನಿಯಮ್ಮಾಳ್, ಅಕ್ಕ’ ಎಂದು ದುಂಡಗೆ ಬರೆದ. ಕಂಪನಿಯವರು ಕಳಿಸಿದ ಚಿನ್ನದ ಅಂಚಿನ ಆಹ್ವಾನಪತ್ರಿಕೆಯನ್ನು ಕೊರಿಯರ್‌ನಲ್ಲಿ ಉತ್ತಮಪಾಳಯಂಗೆ ಹಾಕಿಸಿದ. ತಲುಪಿತು ಎಂದು ಫೋನಿಗೆ ಮೆಸೇಜು ಬಂತು. ಅಕ್ಕನಿಂದ ಏನೂ ಬರಲಿಲ್ಲ. ಬೇಡ ಅಂತಲೂ ಬರಲಿಲ್ಲವಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ಆ ದಿನ ಬೆಳಿಗ್ಗೆ ಹಿತ್ತಾಳೆಯ ದೊಡ್ಡ ತಟ್ಟೆಯಲ್ಲಿ ಎರಡು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಮಾವಿನಕಾಯಿ ಅಂಚಿನ ರೇಷ್ಮೆ ಸೀರೆ ಇಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಸ್ ಹತ್ತಿದ. ತೇನಿಯಲ್ಲಿ ಬಸ್ ಬದಲಿಸಬೇಕಿತ್ತು. ಒಂದು ಕಡೆ ದಿಂಡಿಗಲ್ ಬಸ್, ಎದುರಿಗೆ ಉತ್ತಮಪಾಳಯಂ ಮೇಲೆ ಹೋಗುವ ಕಂಬಂ ಬಸ್, ಎರಡೂ ಹೊರಡುವುದಕ್ಕೆ ಹಾರ್ನ್ ಹೊಡೆಯುತ್ತಿದ್ದವು. ಅವನು ಒಂದು ಗಳಿಗೆ ನಿಂತ. ಆಮೇಲೆ ದಿಂಡಿಗಲ್ ಬಸ್ ಹತ್ತಿ ಕಿಟಕಿ ಪಕ್ಕ ಕೂತ.

ಮೈದಾನದ ಆಫೀಸಿನಲ್ಲಿ ಎಲ್ಲವೂ ಜೋಡಿ ಜೋಡಿಯಾಗಿ ಕಾದಿತ್ತು. ಕೊರಳಿಗೆ ಹಾಕಿಕೊಳ್ಳುವ ಹೆಸರಿನ ಪಟ್ಟಿ ಎರಡು. ಹೆಲ್ಮೆಟ್ ಎರಡು. ಎಳನೀರು ಎರಡು. ಕಲಿಸುವವಳು ವಳ್ಳಿ ಅಂತ, ದಿಂಡಿಗಲ್‌ನ ಬೀಗ ಮಾಡುವವರ ಮನೆಯ ಹುಡುಗಿ, ಇಪ್ಪತ್ತಾರಿರಬಹುದು. ಅವನ ಜೊತೆ ತಮಿಳಿನಲ್ಲೇ ಪಟಪಟ ಮಾತಾಡಿದಳು.

“ಅಕ್ಕ ಬರಲಿಲ್ವಾ ಸಾರ್?”

“ಬರ್ತಾಳೆ. ದಾರೀಲಿರ್ತಾಳೆ.”

ಮೊದಲು ಕಂಪನಿಯ ಕಾರಿನಲ್ಲೇ ಪಾಠ. ವಳ್ಳಿ ಪಕ್ಕದಲ್ಲಿ ಕೂತು ವೇಗ ಏರಿಸಲು ಹೇಳಿದಳು, ಹಾದಿಯಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ ಗೂಟ ಕಂಡಕೂಡಲೇ ಬ್ರೇಕನ್ನು ಪೂರ್ತಿ ಒತ್ತಲು ಹೇಳಿದಳು. ಅವನು ಮೆಲ್ಲಗೆ ಒತ್ತಿದ. ಕಾರು ಗೂಟಗಳನ್ನೆಲ್ಲ ಬೀಳಿಸಿ ಆಚೆ ಹೋಗಿ ನಿಂತಿತು.

“ಸಾರ್, ಬ್ರೇಕಿಗೆ ನೋವಾಗಲ್ಲ. ಧೈರ್ಯವಾಗಿ ಒತ್ತಿ. ಹೆದರ್ಕೊಂಡು ಅರ್ಧ ಒತ್ತಿದ್ರೇನೇ ಅಪಾಯ.”

ನಾಲ್ಕನೇ ಸಲಕ್ಕೆ ಸರಿಯಾಗಿ ಒತ್ತಿದ. ಬೆಲ್ಟು ಎದೆಗೆ ಬಿಗಿದು ಕಾರು ಗೂಟದ ಮುಂದೆಯೇ ಗಕ್ಕನೆ ನಿಂತಿತು. ವಳ್ಳಿ ಚಪ್ಪಾಳೆ ತಟ್ಟಿದಳು. ಅಯ್ಯೋ, ಇದನ್ನು ಅಕ್ಕ ನೋಡಬೇಕಿತ್ತು ಅನ್ನಿಸಿ ಅವನು ಗೇಟಿನ ಕಡೆ ತಿರುಗಿದ. ಗೇಟಿನಲ್ಲಿ ಕಾವಲುಗಾರ ಒಬ್ಬನೇ ಕೂತಿದ್ದ.

ಊಟಕ್ಕೆ ಇಬ್ಬರಿಗೆ ಎಲೆ ಹಾಕಿದ್ದರು. ಎದುರಿನ ಎಲೆಗೂ ಬಡಿಸಲು ಬಂದ ಹೆಂಗಸನ್ನು ಅವನು ಕೈ ಎತ್ತಿ ತಡೆದ. ಅವ್ವ ಹೋದಾಗಿನಿಂದ ಒಬ್ಬನೇ ಉಂಡವನಿಗೆ ಇದೇನು ಹೊಸದಲ್ಲ, ಆದರೆ ಎದುರಿಗೆ ಖಾಲಿ ಎಲೆ ಹಾಕಿಕೊಂಡು ಉಂಡಿರಲಿಲ್ಲ. ವಳ್ಳಿಗೆ ನೋಡಲಾಗಲಿಲ್ಲವೋ ಏನೋ, ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

“ಅಕ್ಕನ್ನ ಕರೆತರೋಕೆ ಯಾರು ಹೋಗಿದಾರೆ ಸಾರ್?”

“ಯಾರೂ ಇಲ್ಲ. ಪತ್ರಿಕೆ ಕೊರಿಯರ್ ಮಾಡಿದೀನಿ.”

“ಸೋದರತ್ತೇನ ಕೊರಿಯರ್‌ನಲ್ಲಿ ಕರೆದಿದ್ರೆ ನಮ್ಮಪ್ಪನ ಗತಿ ಮುಗೀತಿತ್ತು!” ಅವಳು ನಕ್ಕಳು. “ಅಪ್ಪಾನೇ ತಟ್ಟೆ ಹಿಡ್ಕೊಂಡು ಹೋಗಿ ಬಾಗ್ಲಲ್ಲಿ ನಿಂತು ಕರೀಬೇಕು. ಇಲ್ದಿದ್ರೆ ನಮ್ಮತ್ತೆ ಹೊಸ್ತಿಲು ದಾಟಲ್ಲ. ನಿಮ್ಮಲ್ಲಿ ಹಂಗಿಲ್ವಾ ಸಾರ್?”

ತಂಗವೇಲನ ಕೈ ಎಲೆಯ ಮೇಲೇ ನಿಂತಿತು. ಅವನ ಮನೆಯಲ್ಲೂ ಹಾಗೇ. ಹುಟ್ಟಿದ ಹೆಣ್ಣುಮಗಳನ್ನು ಕರೆಯುವುದಕ್ಕೆ ಒಡಹುಟ್ಟಿದವನ ಕಾಲೇ ಹೋಗಬೇಕು, ತಟ್ಟೆಯ ಸಮೇತ. ಅದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಈಗಿನ ಕಾಲ, ಚಿನ್ನದ ಅಂಚಿನ ಪತ್ರಿಕೆ, ಅದೂ ಇದೂ ಅಂತ ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದ. ನಿಜ ಹೇಳಬೇಕೆಂದರೆ ಆ ಬಾಗಿಲ ಮುಂದೆ ನಿಲ್ಲುವುದಕ್ಕೆ ಹೆದರಿದ್ದ. ಅವತ್ತು ಲಾರಿ ಡ್ರೈವರ್, ಇವತ್ತು ಕೊರಿಯರ್‌ನವನು. ಥೂ ನನ್ನ ಬುದ್ಧಿಗಿಷ್ಟು ಎಂದು ಅವನು ಎಲೆ ಮಡಚಿ ಎದ್ದ.

ಬಟ್ಟೆ ಸರಿಸಿ ಕಾರು ತೋರಿಸಿದರು. ಕಡುಹಸಿರು ಬಣ್ಣ, ಮಿರಮಿರ ಮಿಂಚುತ್ತಿತ್ತು. ಫೋಟೋ ತೆಗೆದರು, ಒಬ್ಬನದೇ. ಜೊತೆಯವರೊಂದಿಗೆ ಸ್ವಂತ ಕಾರಿನಲ್ಲಿ ಒಂದು ಸುತ್ತು ಹೊಡೆದು ಹೊರಡುವುದು ಅಲ್ಲಿನ ಕ್ರಮ. ವಳ್ಳಿ ಎಡಗಡೆಯ ಬಾಗಿಲು ತೆರೆದಳು. “ನಾನು ಕೂರ್ಲಾ ಸಾರ್, ಒಂದು ಸುತ್ತಿಗೆ?”

“ಬೇಡಮ್ಮಾ. ಆ ಸೀಟಲ್ಲಿ ಅಕ್ಕ ಮೊದಲು ಕೂರಬೇಕು. ತಪ್ಪು ತಿಳ್ಕೋಬೇಡ.”

ಅವಳು ತಪ್ಪು ತಿಳಿಯಲಿಲ್ಲ. ಅವನು ತಟ್ಟೆಯ ಗಂಟನ್ನು ಆ ಸೀಟಿನ ಮೇಲಿಟ್ಟು ಹೊರಟ. ಹತ್ತು ಮಾರು ಹೋಗಿಲ್ಲ, ಕಾರು ಟಿಂಗ್ ಟಿಂಗ್ ಎಂದು ಕೂಗತೊಡಗಿತು. ನಿಲ್ಲಿಸಿದ. ಕೂಗು ನಿಲ್ಲಲಿಲ್ಲ. ವಳ್ಳಿ ಓಡಿ ಬಂದಳು.

“ತಟ್ಟೆ ಭಾರ ಇದೆ ಸಾರ್. ಯಾರೋ ಬೆಲ್ಟ್ ಹಾಕ್ದೆ ಕೂತಿದಾರೆ ಅಂದ್ಕೊಂಡಿದೆ ಕಾರು.”

ಅವಳು ಬೆಲ್ಟನ್ನು ಎಳೆದು ತಟ್ಟೆಯ ಸುತ್ತ ಕಟ್ಟಿದಳು. ಕೂಗು ನಿಂತಿತು. ಕಾವಲುಗಾರ ಕಿಸಕ್ಕನೆ ನಕ್ಕ, ತಂಗವೇಲನೂ ನಕ್ಕ. ಸುತ್ತು ಹೊಡೆಯುವಾಗ ಮಾತ್ರ ಕಣ್ಣು ಮಂಜಾಗಿ ಗೂಟಗಳು ಕಾಣಲಿಲ್ಲ. ಗೇಟು ದಾಟಿದವನು ತನ್ನೂರು ಬೋಡಿಯ ಕಡೆ ಹೋಗುವ ಯೋಚನೆಯನ್ನೇ ಬಿಟ್ಟು ಉತ್ತಮಪಾಳಯಂಗೆ ಹೊರಟ. ಇನ್ನೂರೈವತ್ತರ ಕಾರನ್ನು ಅರವತ್ತರಲ್ಲಿ ಓಡಿಸಿದ. ವತ್ತಲಗುಂಡಿನ ಹತ್ತಿರ ಬಾಳೆಗೊನೆ ತುಂಬಿದ ಟೆಂಪೋ ಕೂಡ ಅವನನ್ನು ಹಿಂದೆ ಹಾಕಿತು.

ಅಕ್ಕನ ಮನೆ ಬಸ್ ನಿಲ್ದಾಣದ ಎದುರಿಗೇ. ಗಂಡ ಹೋದ ಮೇಲೆ ಒಬ್ಬಳೇ ಇದ್ದು ಗದ್ದೆ ಮಾಡಿಸುತ್ತಾಳೆ ಎಂದು ಯಾರೋ ಹೇಳಿ ಕೇಳಿದ್ದ. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ ಇಳಿಯುವಾಗ ಸಂಜೆ ಐದೂವರೆ. ಬಾಗಿಲು ತೆರೆದೇ ಇತ್ತು. ಮುನಿಯಮ್ಮಾಳ್ ಗರಿಗರಿ ಕಂಚಿ ಸೀರೆಯುಟ್ಟು, ಗಂಡ ಹೋದವಳಾದರೂ ಇವತ್ತಿಗೆಂದು ಹೂ ಮುಡಿದು ಜಗಲಿಯ ಮೇಲೆ ಕೂತಿದ್ದಳು. ಹೂ ಬಾಡಿತ್ತು. ಪಕ್ಕದಲ್ಲಿ ಆರತಿ ತಟ್ಟೆ, ಅರಿಸಿನದ ನೀರು ಆರಿ ಅಂಚಿಗೆ ಹತ್ತಿಕೊಂಡಿತ್ತು. ತಮ್ಮ ಕರೆಯಲು ಬರುತ್ತಾನೆಂದು ಬೆಳಿಗ್ಗೆಯಿಂದ ಹೀಗೇ ಕೂತಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು.

“ಏನ್ ತಂಬಿ, ದಾರಿ ತಪ್ಪಿ ಬಂದ್ಯಾ?” ಅಂದಳು. ದನಿ ಹಾಗೇ ಇತ್ತು.

“ಕರಿಯಕ್ಕೆ ಬಂದೆ ಅಕ್ಕಾ.”

“ಬಂಡಿ ತಗೊಂಡು ಊರೆಲ್ಲಾ ಸುತ್ತಿ ಆದ್ಮೇಲಾ?” ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು, ಮರದ ಕೆಳಗೆ ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದಳು. “ಇದೇನ್ಡಾ ಇದು? ನಾನ್ ಕೂರೋ ಜಾಗ್ದಾಗೆ ತೆಂಗಿನ್‌ಕಾಯಿನ ಕಟ್ಟಿ ಕೂರಿಸಿದೀಯ?”

“ಇನ್ಯಾರೂ ಕೂತಿಲ್ಲ ಅಕ್ಕಾ. ಸತ್ಯವಾಗ್ಲೂ.”

ಅವಳ ತುಟಿ ಸ್ವಲ್ಪ ಅಲುಗಿತು. ನಗುತ್ತಾಳೆ ಅಂದುಕೊಂಡ. ನಗಲಿಲ್ಲ.

“ಬೆಳಗ್ಗೆ ದಿಂಡಿಗಲ್ಲಿಗೆ ಎಂಗೋದೆ?”

“ಬಸ್ಸಲ್ಲಿ.”

“ಬಸ್ಸಲ್ಲಿ!” ಅವಳು ರಸ್ತೆಯ ಕಡೆ ತಿರುಗಿದಳು. “ಇಲ್ಲಿ ಕಾಲ್ ಗಂಟೆಗೊಂದ್ ಬಸ್ಸು ನಿಲ್ತದೆ ತಂಬಿ. ಅನ್ನೊಂದು ವರ್ಸ. ನಿಂತ್ ಬಸ್ಸೆಲ್ಲಾ ನೋಡ್ದೆ. ಒಂದ್ರಿಂದ್ಲೂ ನೀನು ಇಳೀಲಿಲ್ಲ. ಈ ಬಾಗ್ಲಿಗೆ ಬರಕ್ಕೆ ನಿನಗೆ ಇಷ್ಟ್ ದೊಡ್ ಬಂಡಿ ಬೇಕಾಯ್ತಾ?”

ಅವನು ಕಾರಿನ ಬಾಗಿಲು ತೆಗೆದು ಬೆಲ್ಟಿನ ಗುಂಡಿ ಒತ್ತಿ ತಟ್ಟೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅವಳು ತಗೊಂಡಳು. ಕೂಸನ್ನು ಎತ್ತಿಕೊಳ್ಳುವ ಹಾಗೆ ಸೊಂಟದ ಮೇಲಿಟ್ಟುಕೊಂಡಳು.

“ಕೂರಕ್ಕಾ. ಒಂದೇ ಸುತ್ತು.”

“ಇವತ್ತು ಕೂರಲ್ಲ. ನಾಳಿಕ್ಕೆ ಬಸ್ಸಲ್ಲಿ ಬಾ. ಬಂದು ಬಾಗ್ಲಲ್ಲಿ ನಿಂತು ಕರಿ. ಆಮೇಲೆ ನೋಡಾಣ” ಅಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಂಗವೇಲ್ ಕಾರಿನಲ್ಲಿ ಕೂತ. ಪಕ್ಕದ ಸೀಟು ಖಾಲಿ. ಈಗ ಯಾವ ಟಿಂಗ್ ಟಿಂಗ್ ಸದ್ದೂ ಇರಲಿಲ್ಲ. ಆ ಮೌನ ಕೇಳುತ್ತ ಬೋಡಿಯ ತನಕ ಹೋಗುವುದು ಅವನ ಕೈಲಾಗಲಿಲ್ಲ. ಇಳಿದು ಕಾರಿಗೆ ಬೀಗ ಹಾಕಿ, ಅದನ್ನು ಅಕ್ಕನ ಮರದ ಕೆಳಗೇ ಬಿಟ್ಟು, ರಸ್ತೆ ದಾಟಿ ನಿಲ್ದಾಣದಲ್ಲಿ ನಿಂತ. ನಾಳೆ ಬಂದೇ ತೀರಬೇಕಲ್ಲ, ಹೀಗಾದರೂ.

ಕಂಬಂ ಕಡೆಯಿಂದ ತೇನಿಯ ಬಸ್ ಬಂತು. ಹಿಂದಿನ ಬಾಗಿಲಿನಿಂದ ನುಗ್ಗಿ ಹತ್ತಿದ, ಅದೃಷ್ಟಕ್ಕೆ ಕಿಟಕಿ ಸಿಕ್ಕಿತು. ಮುಂದಿನ ಬಾಗಿಲಿನಿಂದ ನಾಲ್ಕೈದು ಜನ ಇಳಿಯುತ್ತಿದ್ದರು, ಹುಲ್ಲಿನ ಹೊರೆಯ ಹೆಂಗಸು, ಶಾಲೆಯ ಮೇಷ್ಟ್ರು, ಮತ್ತೆ ಯಾರೋ. ಆಗ ಎದುರಿನ ಮನೆಯ ಬಾಗಿಲು ತೆರೆಯಿತು. ತಮ್ಮ ಈಗಷ್ಟೇ ಬಂದು ಹೋಗಿದ್ದಾನೆ, ಅವನ ಕಾರು ಕಣ್ಣೆದುರಿಗೇ ನಿಂತಿದೆ. ಆದರೂ ಬಸ್ ನಿಂತ ಸದ್ದಿಗೆ ಮುನಿಯಮ್ಮಾಳ್ ಹೊರಗೆ ಬಂದಿದ್ದಳು, ತಟ್ಟೆಯನ್ನು ಇನ್ನೂ ಸೊಂಟದಿಂದ ಇಳಿಸದೆ.

“ಅಕ್ಕಾ!” ಅಂದ ತಂಗವೇಲ್. ಕಂಡಕ್ಟರ್ ಊದಿದ ಸೀಟಿಯಲ್ಲಿ ಆ ಕೂಗು ಮುಳುಗಿತು.

ಅವಳು ಕಿಟಕಿಗಳ ಕಡೆ ನೋಡಲೇ ಇಲ್ಲ. ಇಳಿದವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿ, ಕೊನೆಯವನೂ ಇಳಿದ ಮೇಲೆ, ಒಳಗೆ ಹೋದಳು.