ಈಜಿಗೆ ತೊಂಬತ್ತಾರು

ದರ್ಜಿಯ ಹೆಂಡತಿ ಬೆಳಿಗ್ಗೆಯಷ್ಟೇ ಕೆರೆಯಿಂದ ಎತ್ತಿ ತಂದ ಗಂಡನ ಕೂದಲನ್ನು ಟವೆಲ್ಲಿನಿಂದ ಒರೆಸುತ್ತಲೇ ಇದ್ದಳು. ಎಷ್ಟು ಒರೆಸಿದರೂ ಕಿವಿಯ ಹಿಂದಿನಿಂದ ನೀರು ಇಳಿಯುತ್ತಿತ್ತು. ಮಣ್ಣಿಗೆ ಒಯ್ಯುವವರು ಹೊರಗೆ ಕಾಯುತ್ತಿದ್ದರು.

ಬಾಗಿಲ ಬಳಿ ಅವನ ದೊಡ್ಡಪ್ಪ ಯಾರಿಗೋ ಪಿಸುಗುಡುತ್ತಿದ್ದರು. ಅವರದು ಪಿಸುಮಾತೆಂದರೂ ಬೀದಿಗೆಲ್ಲ ಕೇಳುವ ಗಂಟಲು.

"ಈಜಿನಲ್ಲಿ ನೂರಕ್ಕೆ ತೊಂಬತ್ತಾರು ತಗೊಂಡವನು ಅಷ್ಟು ಸಣ್ಣ ಕೆರೇಲಿ ಮುಳುಗ್ತಾನಾ? ಬೇಕಂತಲೇ ಹೋಗಿದಾನೆ. ಮನೇಲಿ ಏನ್ ನಡೀತೋ, ಯಾರಿಗ್ ಗೊತ್ತು!"

ಒರೆಸುತ್ತಿದ್ದವಳು ತಲೆಯೆತ್ತಿದಳು. ಬೇಕಂತಲೇ? ನಿನ್ನೆ ಬೆಳಿಗ್ಗೆ, ಸಕ್ಕರೆ ಡಬ್ಬಿಗೆ ಮುಚ್ಚಳ ಹಾಕಿಲ್ಲವೆಂದು ಅವನನ್ನು ಬೈದಿದ್ದಳು. ಅಯ್ಯೋ, ಅಷ್ಟಕ್ಕೆ ಯಾರಾದರೂ ಸಾಯುತ್ತಾರಾ!

*

ಶಾಲೆಯ ಆ ಅಂಕಪಟ್ಟಿ ಅವನ ಹೊಲಿಗೆ ಅಂಗಡಿಯಲ್ಲಿ ಕನ್ನಡಿಯ ಪಕ್ಕ ತೂಗುತ್ತಿತ್ತು. ಉಳಿದ ವಿಷಯಗಳಲ್ಲಿ ಅವನು ಪಾಸಾದದ್ದೇ ದೊಡ್ಡದು. "ಲೆಕ್ಕದಲ್ಲಿ ಮುಳುಗಿದೆ ಸ್ವಾಮಿ, ಈಜಲ್ಲಿ ತೇಲಿದೆ," ಎಂದು ಅಳತೆ ಕೊಡಲು ಬಂದವರನ್ನೆಲ್ಲ ನಗಿಸುತ್ತಿದ್ದ.

ನಿನ್ನೆ ಮಗಳ ಒಂದು ಚಪ್ಪಲಿ ಕೆರೆಗೆ ಜಾರಿ ತೇಲಿಹೋದಾಗ ಅಂಗಿ ಬಿಚ್ಚಿ ಹೆಂಡತಿಯ ಕೈಗಿತ್ತ.

"ರೀ, ಹೋಗ್ಲಿ ಬಿಡಿ, ಹಳೇ ಚಪ್ಪಲಿ."

"ಏಯ್, ತೊಂಬತ್ತಾರು ಕಣೇ!"

ಅವಳು ನಕ್ಕಳು. ಸ್ವಲ್ಪ ಹೊತ್ತಿಗೆ ಅವನು ನೀರಿನಿಂದ ಕೈ ಬೀಸಿದ. ತಮಾಷೆಗೆಂದುಕೊಂಡು ಅವಳೂ ಅಂಗಿ ಬೀಸಿದಳು.

*

ಅವನ ಜೊತೆ ಓದಿದ ಕ್ಷೌರಿಕ ಆಗಷ್ಟೇ ಒಳಗೆ ಬಂದವನು ದೊಡ್ಡಪ್ಪನ ಮಾತಿಗೆ ಬೆಂಕಿಯಾದ.

"ಸತ್ತೋನ ಮೇಲೆ ಏನ್ ಮಾತು ದೊಡ್ಡಪ್ಪ ಇದು? ನಮ್ಮ ಸ್ಕೂಲಿನ ಈಜುಕೊಳದಲ್ಲಿ ಒಂದು ದಿನಾನೂ ಒಂದು ಚೊಂಬು ನೀರಿರ್ಲಿಲ್ಲ. ಬೆಂಚಿನ ಮೇಲೆ ಬೋರಲು ಮಲಗಿ ಕೈಕಾಲು ಬಡೀತಿದ್ವಿ, ಮೇಷ್ಟ್ರು ಮಾರ್ಕ್ಸ್ ಹಾಕೋರು. ಇವನು ಎಲ್ಲರಿಗಿಂತ ಚೆನ್ನಾಗಿ ಬಡೀತಿದ್ದ, ಅಷ್ಟೇ."

ದೊಡ್ಡಪ್ಪ ಮೆಲ್ಲಗೆ ಹೊಸ್ತಿಲಾಚೆ ಸರಿದರು.

"ಮತ್ತೆ... ನೀರಿಗೆ ಇಳಿದಿದ್ದು?" ಅವಳು ಕ್ಷೌರಿಕನತ್ತ ತಿರುಗಿದಳು.

"ನಂಗೆ ಗೊತ್ತಿದ್ದ ಹಾಗೆ ನಿನ್ನೇನೇ ಮೊದಲು, ತಂಗಿ."

ಬೇಕೆಂದು ಹೋಗಲಿಲ್ಲ, ನನ್ನ ಮೇಲೆ ಮುನಿದು ಹೋಗಲಿಲ್ಲ. ಆ ಸಮಾಧಾನ ಒಂದು ಉಸಿರಿನ ಹೊತ್ತೂ ನಿಲ್ಲಲಿಲ್ಲ. ಹಾಗಾದರೆ ಆ ಕೈ ಬೀಸಿದ್ದು?

ಮೂಲೆಯಲ್ಲಿದ್ದ ಮಗಳು ಎದ್ದು ನಿಂತಳು.

"ಸುಳ್ಳು ಮಾಮ! ಅಪ್ಪಂಗೆ ಈಜು ಬರ್ತಿತ್ತು. ನಂಗೂ ಕಲಿಸಿದಾರೆ, ನೋಡಿ ಬೇಕಾದ್ರೆ."

ಯಾರಾದರೂ ತಡೆಯುವ ಮೊದಲೇ ಅವಳು ಗೋಡೆ ಬದಿಯ ಬೆಂಚಿನ ಮೇಲೆ ಬೋರಲು ಮಲಗಿದಳು. ಕತ್ತು ಹೊರಳಿಸಿ ಉಸಿರೆಳೆದುಕೊಂಡು, ಕೈಕಾಲು ಬಡಿಯತೊಡಗಿದಳು. ನಿನ್ನೆಯಿಂದ ಬಿಚ್ಚಲು ಒಪ್ಪದ ಒಂಟಿ ಚಪ್ಪಲಿ ಬೆಂಚಿಗೆ ಪಟಪಟನೆ ಬಡಿಯುತ್ತಿತ್ತು.