ಅವರ ಖಾತೆಗೆ ಹೋದ ಹಣ

ನನ್ನ ಗಂಡ ಸೋಕಿಚಿ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತಿದ್ದರು. ಟೋಕಿಯೋದ ಪ್ರಕಾಶಕರು ಸಂಭಾವನೆಯಲ್ಲಿ ಮೊದಲೇ ತೆರಿಗೆ ಮುರಿದುಕೊಂಡು ಕೊಡುತ್ತಿದ್ದರು. ಹೆಚ್ಚಾಗಿ ಮುರಿದದ್ದು ವರ್ಷಕ್ಕೊಮ್ಮೆ ಸರ್ಕಾರದಿಂದ ವಾಪಸ್ ಬರುತ್ತಿತ್ತು.

ಜನವರಿಯಲ್ಲಿ ಅವರು ತೀರಿಕೊಂಡರು. ಫೆಬ್ರವರಿ ಕೊನೆಗೆ ಅವರ ಪರವಾಗಿ ಆ ಹಣಕ್ಕೆ ತೆರಿಗೆ ಕಚೇರಿಗೆ ಅರ್ಜಿ ತುಂಬಿ ಕೊಟ್ಟೆ. ಒಂದೂವರೆ ತಿಂಗಳು ಎಂದಿದ್ದರು. ಮೇ ಬಂದರೂ ಹಣವಿಲ್ಲ. ತಲೆಕೆಟ್ಟು ತೆರಿಗೆ ಕಚೇರಿಗೇ ಹೋದೆ.

ಕೌಂಟರಿನ ಹುಡುಗಿ ಕಡತ ನೋಡಿದಳು. “ಅಮ್ಮಾ, ನಾವು ಯಾವಾಗ್ಲೋ ಕಳಿಸಿದ್ವಿ. ಬ್ಯಾಂಕಿಂದ ವಾಪಸ್ ಬಂದಿದೆ. ಯಾರ ಖಾತೆ ಬರೆದಿದ್ರಿ?”

“ಅವರದ್ದೇ. ಕಣ್ಣು ಕೆಡಿಸ್ಕೊಂಡು ದುಡಿದೋರು ಅವರು. ನನ್ನದು ಯಾಕೆ ಬರೀಲಿ?”

“ತೀರಿಹೋದೋರ ಖಾತೆಗೆ ದುಡ್ಡು ಹಾಕೋಕಾಗಲ್ಲ ಅಮ್ಮಾ. ಸುದ್ದಿ ಗೊತ್ತಾದ ತಕ್ಷಣ ಬ್ಯಾಂಕಿನೋರು ನಿಲ್ಲಿಸಿಬಿಡ್ತಾರೆ.”

ಆ ಸುದ್ದಿ ಕೊಟ್ಟವರು ಯಾರು? ಅಂತ್ಯಕ್ರಿಯೆಯ ಮರುದಿನವೇ ಬ್ಯಾಂಕಿಗೆ ಹೋಗಿ ಹೇಳಿಬಂದವಳು ನಾನೇ. ಹೇಳಿಬಂದೂ ಆ ಖಾತೆಯನ್ನೇ ಬರೆದಿದ್ದೆ. ಇಂಥ ತಪ್ಪು ಕಂಡರೆ ಅವರು ಕೆಂಪು ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದರು. ಹೊಸ ಕಾಗದದಲ್ಲಿ ನನ್ನ ಖಾತೆ ಬರೆದು, ಸಹಿಯ ಬದಲು ನನ್ನ ಹೆಸರಿನ ಮುದ್ರೆ ಒತ್ತಿದೆ.

ಜುಲೈ ಕೊನೆಗೆ ಹಣ ಬಂತು. ಮನೆಯ ಪೂಜಾಪೀಠದಲ್ಲಿ ಅವರ ಫೋಟೋದ ಮುಂದೆ ಪಾಸ್‌ಬುಕ್ ಇಟ್ಟು ಗಂಟೆ ಬಾರಿಸಿದೆ.

“ರೀ, ನಿಮ್ಮ ದುಡ್ಡು ಬಂತು. ಐದು ತಿಂಗಳು ಹಿಡೀತು ನೋಡಿ. ನಿಮಗೆ ಮಾತ್ರ ಆಸ್ಪತ್ರೆ ಸೇರಿ ಹೊರಟುಹೋಗೋಕೆ ಹನ್ನೊಂದೇ ದಿನ ಸಾಕಾಯ್ತು. ಅಷ್ಟು ಅವಸರ ಏನಿತ್ತು?”