ಹಳದಿ ಚೌಕ

ಗೋಡೆಯ ಮೇಲೆ ಹಳದಿ ಚೌಕ ನಡೆಯುತ್ತಿದೆ, ಅ ಅಕ್ಷರದಿಂದ ಆ ಅಕ್ಷರಕ್ಕೆ, ಇ, ಈ, ಗುಂಡಿ ಒತ್ತುವವರಿಲ್ಲ ಎಂದು ಅದಕ್ಕೆ ಗೊತ್ತಿಲ್ಲ, ಪ್ರೊಜೆಕ್ಟರಿನ ಫ್ಯಾನು ಗೊರಗುಟ್ಟುತ್ತಿದೆ, ಇದೇ ಕೊನೇದು, ತೆರೆ ಮೇಲಿನ ಕೀಬೋರ್ಡು, ಅನ್ನುತ್ತಿದ್ದಾನೆ ಕತ್ತರಿ — ಆ ಹೆಸರಿಟ್ಟವರು ನಾವೇ, ಹೊಸ ಆವೃತ್ತಿ ಬರುವ ಮುಂಚೆ ನಮ್ಮ ಆಪರೇಟಿಂಗ್ ಸಿಸ್ಟಮ್ಮಿನ ಜೊತೆ ತಾನಾಗಿಯೇ ಬರುವ ತಂತ್ರಾಂಶಗಳಲ್ಲಿ ಯಾವುದು ಹೋಗಬೇಕು ಎಂದು ಹುಡುಕುವುದು ಅವನ ಕೆಲಸ, ಗಡ್ಡ ಬಿಟ್ಟರೆ ಇನ್ನೇನನ್ನೂ ಅವನು ಬೆಳೆಯಲು ಬಿಟ್ಟವನಲ್ಲ — ಬೆಳಗಿನಿಂದ ಚದುರಂಗ ಹೋಯಿತು, ಎರಡು ಕ್ಯಾಲ್ಕುಲೇಟರುಗಳಲ್ಲಿ ಒಂದು ಹೋಯಿತು, ನಾನೂ ಕೈ ಎತ್ತಿದೆ, ಎತ್ತಿ ನಕ್ಕೆ. ಈಗ ಇದು. ಬಳಸಿದೋರ ಲೆಕ್ಕ ಸೊನ್ನೆ ಅಂತಿದೆ ನೋಡಿ, ಅಂದ ಕತ್ತರಿ. ಸೊನ್ನೆಯೇ ಇರುತ್ತದೆ ಮಾರಾಯ, ನಾವು ಎಣಿಸುವುದು ಲಾಗಿನ್ ಆದ ಮೇಲೆ ತೆರೆದದ್ದನ್ನು ಮಾತ್ರ, ಇದನ್ನು ನೆಚ್ಚಿದವರು ಪಾಸ್‌ವರ್ಡ್ ಹೊಡೆಯುವುದೇ ಇದರಿಂದ, ಬಾಗಿಲಾಚೆ ನಿಂತವರನ್ನು ಒಳಗೆ ಕೂತು ಎಣಿಸಿದರೆ ಎಷ್ಟು ಸಿಕ್ಕಾರು, ಇಷ್ಟನ್ನು ಬಾಯಿಬಿಟ್ಟೇ ಹೇಳಿದೆ, ಬೇಕಾದೋರು ಆಮೇಲೆ ಹಾಕ್ಕೊಳ್ಳಲಿ ಬಿಡಿ ಅಂದ, ಬಾವಿಗೆ ಬಿದ್ದವನಿಗೆ ಏಣಿ ಮೇಲಿದೆ, ಬಂದು ತಗೊಂಡು ಹೋಗು ಅಂದ ಹಾಗಾಯ್ತಲ್ಲೋ ಅಂದೆ, ಯಾರೋ ಕಿಸಕ್ಕೆಂದರು. ದೊಡ್ಡಪ್ಪ ನಗಲಿಲ್ಲ — ದೊಡ್ಡಪ್ಪ ನಮ್ಮ ತಂಡದ ಮುಖ್ಯಸ್ಥರು, ಯಾರಿಗೂ ದೊಡ್ಡಪ್ಪನಲ್ಲ, ಎಲ್ಲರಿಗೂ ದೊಡ್ಡಪ್ಪ — ಲೆಕ್ಕದ ಮಾತು ಬಿಡೋಣ ತಂಗೀ, ನೀನು ಹೇಳಿದ್ದು ಸರಿ, ಆದ್ರೆ ನೋಡ್ಕೊಳ್ಳೋರು ಇಲ್ಲದ್ದನ್ನ ಜೊತೆಗೆ ಕಳಿಸೋ ಹಾಗಿಲ್ಲ, ನಾಳೆ ಕೆಟ್ಟು ಕೂತರೆ ಯಾರನ್ನ ಕೇಳೋದು, ಅಂದರು, ನೋಡಿಕೊಳ್ಳುತ್ತಿದ್ದವನು ನನ್ನಣ್ಣ ಎಂದು ಅವರು ಅನ್ನಲಿಲ್ಲ, ಗೊತ್ತಿರುವುದಕ್ಕೇ ಅನ್ನಲಿಲ್ಲ. ಉ, ಊ. ಕೈ ಸರಿಯಿದ್ದಾಗ ಅಣ್ಣ ಇದನ್ನು ಬೇರೆಯವರಿಗೆಂದು ಬರೆದ, ಕಾಯಿಲೆಯಲ್ಲಿ ಕೈಯೂ ಮಾತೂ ಹೋದ ಮೇಲೆ ಇದರಿಂದಲೇ ಇದನ್ನು ತಿದ್ದಿದ, ಬಲಗೈ ಹೆಬ್ಬೆರಳೊಂದೇ ಆಡುತ್ತಿತ್ತು, ಅದರ ಕೆಳಗೆ ಒಂದು ಗುಂಡಿ, ಚೌಕ ಬೇಕಾದ ಅಕ್ಷರಕ್ಕೆ ಬರುವತನಕ ಕಾಯುವುದು, ಟಕ್, ಮತ್ತೆ ಕಾಯುವುದು, ಟಕ್, ನೀ ಅಂತ ಬಂದರೆ ನೀರಾ ಅಂತ ನಾನು ಎದ್ದುಬಿಡುತ್ತಿದ್ದೆ, ಅವನು ಬಿಡದೆ ಟಕ್ ಟಕ್ ಎಂದು ಮುಗಿಸುತ್ತಿದ್ದ, ನೀನು ಕೋತಿ, ಕೂತ್ಕೋ, ನನ್ನ ಮಾತು ನಾನೇ ಮುಗಿಸ್ತೀನಿ — ಅಮ್ಮ ಮಗ್ಗುಲು ಬದಲಿಸಲು ಬಂದರೂ ತಡಿ ಎನ್ನುವಂತೆ ಕಣ್ಣು ಬಿಡುತ್ತಿದ್ದ, ವಾಕ್ಯ ಅರ್ಧಕ್ಕೆ ನಿಂತಿದೆಯಲ್ಲ. ಅವನನ್ನು ಮಸಣಕ್ಕೆ ಎತ್ತಿಕೊಂಡು ಹೋದ ಮೇಲೆ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು, ಮೂಲೆಯಲ್ಲಿ ಪರದೆ ಹಾಗೇ ಉರಿಯುತ್ತಿತ್ತು, ಚೌಕ ನಡೆಯುತ್ತಿತ್ತು, ಆರಿಸೇ ಅದನ್ನ, ಅಂದಳು ಅಮ್ಮ, ಆರಿಸು, ಅವನನ್ನ ಕಾಯ್ತಾ ಇದೆ ಅದು. ಆರಿಸಿದೆ. ಆಮೇಲೆ ಇವತ್ತೇ ನೋಡುತ್ತಿರುವುದು. ನೋಡ್ಕೊಳ್ತೀನಿ ಅನ್ನೋರು ಯಾರಾದ್ರೂ ಇದ್ರೆ ಕೈ ಎತ್ತಿ, ಅನ್ನುತ್ತಿದ್ದಾರೆ ದೊಡ್ಡಪ್ಪ, ಎಲ್ಲರೂ ತಂತಮ್ಮ ಲೋಟ ನೋಡುತ್ತಿದ್ದಾರೆ, ಅಂದರೆ ನನ್ನನ್ನೇ, ಹೋದ ವಾರ ಯಾರೋ ತಾಯಿ ಬರೆದಿದ್ದಳು, ಹೊಸದರಲ್ಲೂ ಇದು ಇರುತ್ತಲ್ವಾ, ಮಗಳು ದಿನಾ ಕೇಳ್ತಾಳೆ, ಇನ್ನೂ ಉತ್ತರ ಕೊಟ್ಟಿಲ್ಲ ನಾನು, ಇರುತ್ತೆ ಅಂದರೆ ನಾನೇ ನೋಡಿಕೊಳ್ಳಬೇಕು, ದಿನವೂ ಇದನ್ನು ತೆರೆಯಬೇಕು, ಹೆಬ್ಬೆರಳಿಟ್ಟು ಒತ್ತಿ ನೋಡಬೇಕು, ಆ ಟಕ್ ಮತ್ತೆ ಮನೆಗೆ ಬರುತ್ತದೆ, ಪಕ್ಕದ ಕೋಣೆಯಲ್ಲಿ ಅಮ್ಮ ಕೇಳಿಸಿಕೊಂಡು ಎದ್ದು ಕೂರುತ್ತಾಳೆ — ಎತ್ತು, ಚದುರಂಗ ತೆಗೆಯಲು ಎತ್ತಿದ ಕೈಯೇ ಇದು, ಮೇಜಿನ ಮೇಲೆ ಬಿದ್ದಿದೆ, ಐದು ಬೆರಳೂ ನೆಟ್ಟಗಿವೆ, ಯಾರೂ ಇಲ್ವಾ ಹಾಗಾದ್ರೆ, ಅನ್ನುತ್ತಿದ್ದಾರೆ, ಎತ್ತು, ಕತ್ತರಿಯ ಬೆರಳು ಅಳಿಸುವ ಕೀಲಿಯ ಮೇಲಿದೆ, ಎತ್ತೇ ಕೋತಿ, ಗೋಡೆಯ ಮೇಲೆ ಚೌಕ ಕೊನೆಯ ಅಕ್ಷರ ಮುಟ್ಟಿ ಮತ್ತೆ ಅ ಮೇಲೆ ಬಂದಿದೆ, ಆ, ಇ, ಈ, ಕಾಯುತ್ತಿದೆ